ವೆಲ್ಡರನ ಕಾಲಿಗೆ ಯಾರ ಸಹಿ

ಬೈಂಡಿಂಗ್ ಅಂಗಡಿಯಿಂದ,
ಮಂಗಳವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯ ತಾನೇ? ಆಸ್ಪತ್ರೆಯ ಬೆಂಚಿನ ಮೇಲೆ ಕೂತೂ ಕೂತೂ ಸೊಂಟ ಹಿಡಿದಿರಬೇಕು. ನಿನ್ನಮ್ಮನ ಕೊನೆಗಾಲದಲ್ಲಿ ನನಗೂ ಹಾಗೇ ಆಗಿತ್ತು. ಒಂದು ದಿಂಬು ತಂದುಕೊಳ್ಳೋಕೆ ಏನು ರೋಗ ಅಂತ ಅವಳೇ ಮಂಚದಿಂದ ಬೈಯುತ್ತಿದ್ದಳು, ಪುಣ್ಯಾತ್ಗಿತ್ತಿ. ನಿನ್ನ ವೆಲ್ಡರನ ಕಾಲಿನ ಗಾಯದ ನಂಜು, ಜ್ವರ ಇಳಿಯಿತೇ? ನಾನು ಚೆನ್ನಾಗಿದ್ದೇನೆ. ಎಡಗಣ್ಣು ಊದಿಕೊಂಡು ಮುಚ್ಚಿದೆ, ಮುಂದಿನ ಹಲ್ಲು ಎರಡು ಹೋದವು, ಅಷ್ಟೇ.

ಈಗೊಂದು ಗಂಟೆ ಹಿಂದೆ ಅವನ ಅಣ್ಣ ಅಂಗಡಿಗೆ ನುಗ್ಗಿದ. ತನಗೆ ಎಚ್ಚರ ತಪ್ಪಿದರೆ ಕಾಲು ತೆಗೆಯುವ ವಿಷಯದಲ್ಲಿ ನಿನ್ನ ಮಾತೇ ಕೊನೆ ಎಂದು ನಿನ್ನ ವೆಲ್ಡರ್ ಬರೆದುಕೊಟ್ಟದ್ದು ಅವನ ಕಿವಿಗೆ ಬಿದ್ದಿದೆ. ಆ ಕಾಗದ ಕೊಡು ಅಂದ. ಕೂತ್ಕೋಪ್ಪಾ ಅಂದೆ. ಕುತ್ತಿಗೆ ಹಿಡಿದು ಗೋಡೆಗೆ ಬಡಿದ. "ಮದುವೆ ಇಲ್ಲ ಏನಿಲ್ಲ, ನಮ್ಮ ಹುಡುಗನ ಕಾಲು ಕತ್ತರಿಸೋಕೆ ನಿನ್ನ ಮಗಳು ಯಾವಳೋ? ಕುಂಟನಾಗಿ ಬದುಕೋದಕ್ಕಿಂತ ಅವನು ಸಾಯ್ಲಿ." ನಾನು ಕಾಲೇಜಿನ ಇಂಗ್ಲಿಷ್ ಎತ್ತಿದೆ. ಲೀಗಲಿ ಸ್ಪೀಕಿಂಗ್ ಅಂದೆ. ಮುಂದಿನದು ನೆನಪಾಗುವಷ್ಟರಲ್ಲಿ ಮೂತಿಗೆ ಗುದ್ದು ಬಿತ್ತು. ಹಲ್ಲು ಹೋದದ್ದು ಆಗಲೇ.

ಬಿದ್ದವನ ಪಕ್ಕೆಗೆ ಒದ್ದ. ದಬ್ಬಣ ಎತ್ತಿ ನನ್ನ ಎಡ ಅಂಗೈಗೆ ಚುಚ್ಚಿದ, ಇನ್ನೊಂದು ಬದಿಗೆ ಬಂತು. ಒಲೆಯ ಮೇಲಿದ್ದ ಅಂಟಿನ ಪಾತ್ರೆಯನ್ನು ನಾನೂ ಅವನ ತೊಡೆಯ ಮೇಲೆ ಸುರಿದೆ. ಕುದಿಯುವ ಅಂಟು ಸುಮ್ಮನೆ ಬಿಡುವುದಿಲ್ಲ ಮಗಳೇ, ಒರೆಸಿದಷ್ಟೂ ಚರ್ಮದ ಜೊತೆಗೇ ಬರುತ್ತದೆ. ಅವನು ಅರಚುತ್ತಿದ್ದಾಗ ಮರದ ಸುತ್ತಿಗೆಯಿಂದ ಬೆರಳುಗಳ ಮೇಲೆ ಬಿಟ್ಟೆ. ನನ್ನ ಫೋನನ್ನು ತುಳಿದು ಪುಡಿ ಮಾಡಿದ. ಕೊನೆಗೆ ಪಕ್ಕದ ಲಾರಿ ಡ್ರೈವರ್ ಬಂದು ಅವನನ್ನು ಎಳೆದು ಬೀದಿಗೆ ಹಾಕಿದ. ಕಾಗದ ಮಾತ್ರ ಸಿಗಲಿಲ್ಲ; ಬೈಂಡಿಂಗ್ ಪ್ರೆಸ್ಸಿನಲ್ಲಿ ಬಿಗಿದಿಟ್ಟಿದ್ದೆ. ಸೀದಾ ಆಸ್ಪತ್ರೆಗೇ ಹೋಗಿ ತಮ್ಮನನ್ನು ಹೊತ್ಕೊಂಡು ಬರ್ತೀನಿ ಅಂತ ಕೂಗುತ್ತಾ ಹೋಗಿದ್ದಾನೆ. ಮೊದಲು ಸುಟ್ಟ ತೊಡೆಗೆ ಮುಲಾಮು ಹಚ್ಚಿಸಿಕೊಳ್ಳಬೇಕಲ್ಲ, ಅಷ್ಟು ಹೊತ್ತು ನಿನ್ನದು. ವಾರ್ಡಿನ ಸಿಸ್ಟರಿಗೂ ಬಾಗಿಲ ಕಾವಲುಗಾರನಿಗೂ ಈಗಲೇ ಹೇಳಿಡು. ಪೊಲೀಸರಿಗೆ ನಾನು ದೂರು ಕೊಡುತ್ತೇನೆ.

ಎಕ್ಸ್‌ರೇ ವರದಿ, ಔಷಧದ ಚೀಟಿ, ವಿಮೆ, ಆ ಅಧಿಕಾರಪತ್ರ, ಎಲ್ಲವನ್ನೂ ನಿನ್ನೆ ರಾತ್ರಿಯೇ ಹೊಲಿದು ಒಂದೇ ಪುಸ್ತಕ ಮಾಡಿದ್ದೇನೆ. ಆಸ್ಪತ್ರೆಯಲ್ಲಿ ಬಿಡಿ ಕಾಗದಕ್ಕೆ ಕಾಲು ಬರುತ್ತದೆ, ನಿನ್ನಮ್ಮನ ಸಲ ನೋಡಿದ್ದೇನೆ. ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಅವನು ಒಂದು ಕಾಲಲ್ಲಾದರೂ ಸರಿ, ನಿನ್ನ ಜೊತೆ ನೂರು ಜಗಳ ಆಡುವಷ್ಟು ಕಾಲ ಬದುಕಲಿ. ನಿನ್ನ ತಲೆ ಸವರಿದೆನೆಂದು ತಿಳಿ.

ನಿನ್ನ ಅಪ್ಪ

ಮರೆಯುವ ಮುಂಚೆ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕೊಡುವ ಮೊದಲು ಪುಸ್ತಕ ತೆರೆದು ನೋಡಿದೆ. ಹೊಲಿದ ಮೇಲೆ ಅಂಚು ಸಮ ಮಾಡದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲವಲ್ಲ, ಕತ್ತರಿಸಿಬಿಟ್ಟಿದ್ದೇನೆ. ಅಧಿಕಾರಪತ್ರದ ಕೆಳತುದಿಯಲ್ಲಿದ್ದ ಅವನ ಸಹಿ, ಸಾಕ್ಷಿಗಳ ಸಹಿ, ಎಲ್ಲ ಹೋಗಿವೆ. ಆ ಚೂರುಗಳಿಂದಲೇ ಬೆಳಿಗ್ಗೆ ಒಲೆ ಹಚ್ಚಿದ್ದೆ. ಅವನಿಗೆ ಎಚ್ಚರ ಇರುವಾಗಲೇ, ಡಾಕ್ಟರ ಎದುರು, ಹೊಸದು ಬರೆಸಿ ಸಹಿ ಹಾಕಿಸು. ಓದಿದ್ದು ಸಾಕು, ಏಳು.