ಎರಡು ಮಾಳಿಗೆಯ ನಿದ್ದೆ

ಗಜೇಂದ್ರಗಡ
೨೬ ಮಾರ್ಚ್ ೨೦೦೬, ರವಿವಾರ

ಜಕ್ಕಲಿಯ ಅಕ್ಕನಿಗೆ, ತಂಗಿ ಚನ್ನವ್ವನ ಶರಣು. ಇಲ್ಲಿ ಎಲ್ಲರೂ ಎಚ್ಚರವಾಗಿದ್ದೇವೆ. ನಿಮ್ಮ ಕಡೆಯೂ ಹಾಗೇ ಇರಲಿ.

ನನ್ನ ಮಗಳು ಶಾಂಭವಿಯ ಸಾಲಿ ಬಿಡಿಸುತ್ತಾರಂತೆ, ಖರೇನೇ ಎಂದು ಕೇಳಿದ್ದೀ. ವರದಿ ದೊಡ್ಡದಿದೆ, ಕೂತು ಓದು.

ಸಂಕ್ರಾಂತಿಯ ಹಿಂದೆ ಮುಂದೆ ಅವಳೂ, ಪಕ್ಕದ ಮನೆ ಮದರಬಿಯ ಮಗಳು ಸಾನಿಯಾಳೂ ದೊಡ್ಡವರಾದರು. ಬೇಸಿಗೆ ಬಂದರೆ ಈ ಇಬ್ಬರೂ ತಂತಮ್ಮ ಮನೆಯ ಬಯಲು ಮಾಳಿಗೆ ಮೇಲೆ, ಎರಡರ ನಡುವಿನ ಮೊಣಕಾಲೆತ್ತರದ ಗೋಡೆಗೆ ತಲೆ ಕೊಟ್ಟು ಮಲಗಿ ಬೆಳೆದವರು. ಈ ಸಲ ಎರಡೂ ಮನೆಯ ಹಿರಿಯರು, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ಕಾನೂನು ಮಾಡಿದರು: ದೊಡ್ಡಾಕಿ ಆದ ಹುಡುಗಿ ಮಾಳಿಗೆ ಏರಬಾರದು. ಶಾಂಭವಿ ಕಿಟಕಿಯಿಲ್ಲದ ಒಳಕೋಣೆಯಲ್ಲಿ, ನಮ್ಮ ಅತ್ತೆ ಮಾನವ್ವನವರ ಗೊರಕೆಯ ಪಕ್ಕ. ಸಾನಿಯಾ ಅಡುಗೆಮನೆಯಲ್ಲಿ, ಆರದ ಒಲೆಯ ಪಕ್ಕ. ಪರಿಣಾಮವಾಗಿ ಎಂಟನೆಯ ತರಗತಿಯ ಒಂದೇ ಬೆಂಚಿನ ಮೇಲೆ, ಒಬ್ಬರ ಹೆಗಲಿಗೊಬ್ಬರು ಒರಗಿ, ಹಗಲು ನಿದ್ದೆ. ಮಾಸ್ತರರು ಮನೆಗೆ ಹೇಳಿಕಳಿಸಿದರು.

ಕಾರಣದ ವಿಷಯದಲ್ಲಿ ಪಂಡಿತರಲ್ಲಿ ಭೇದ ಬಂತು. ಅತ್ತೆಯವರ ಸಿದ್ಧಾಂತ: "ಅವರ ಹುಡುಗೀರಿಗೆ ನಿದ್ದಿ ಭಾಳ. ಬಾಜೂಕ ಕುಂತು ನಮ್ಮಾಕಿಗೂ ಹತ್ತೇತಿ." ಮದರಬಿಯದು: "ದೊಡ್ಡಾಕಿ ಆದಾಳಂತ ನೀವು ಕೊಟ್ಟ ಅಂಟಿನುಂಡಿ ತಿಂದ ಮ್ಯಾಲೇ ನಮ್ಮಾಕಿ ಹಿಂಗಾಗ್ಯಾಳ್ರಿ, ಚನ್ನವ್ವಾರ."

ತೀರ್ಪನ್ನೂ ಅತ್ತೆಯವರೇ ಕೊಟ್ಟರು. "ಸಾಲ್ಯಾಗ ಮಲಗೂದಾದ್ರ ಮನ್ಯಾಗ ಮಲಗಲಿ. ಬರೂ ಶನಿವಾರ ಮುಂಜಾನಿ ಸಾಲ್ಯಾಗ ಎಚ್ಚರ ಇದ್ರ ಸರಿ. ಇಲ್ಲಂದ್ರ ಪಾಟಿಚೀಲ ಗೂಟಕ್ಕ." ಶಾಂಭವಿ ಅಳಲಿಲ್ಲ. ಅತ್ತರೆ ನಿದ್ದೆ ಬರುತ್ತದೆಂದು ಹೆದರಿದಳು.

ಇಬ್ಬರನ್ನೂ ದವಾಖಾನೆಗೆ ಕರೆದೊಯ್ದೆವು. ಈ ವಯಸ್ಸಿಗೆ ರಾತ್ರಿ ನಿದ್ದೆ ತಡವಾಗಿ ಹತ್ತುತ್ತದೆ, ಮುಂಜಾನೆ ಲಗೂ ಬಿಡುವುದಿಲ್ಲ, ಅದಕ್ಕೆ ನಿಮ್ಮ ಮನೆ ಅವರ ಮನೆ ಅಂತಿಲ್ಲ, ಗಾಳಿಯಾಡುವ ಕಡೆ ಮಲಗಿಸಿರಿ ಎಂದು ಡಾಕ್ಟರಬಾಯಿ ನಕ್ಕರು. ಗಾಳಿಯೋ, ನಮ್ಮ ಎರಡೂ ಮನೆಗೆ ಮಾಳಿಗೆ ಮೇಲಷ್ಟೇ ಬರುತ್ತದೆ.

"ಊರ ಏನಂದೀತ?" ಎಂದರು ಅತ್ತೆ.

ಮದರಬಿ ಅತ್ತಲಿಂದಲೇ ಕೂಗಿದಳು: "ಊರ ಹಣಿಕಿ ಹಾಕಿದ್ರ ಮೊದಲ ನನ್ನ ಮಾರಿ ಕಾಣತೈತಿ ಬಿಡ್ರಿ ಮಾನವ್ವಾರ, ಹೆದರಿ ಓಡತೈತಿ!"

ಆ ಸಂಜೆಯೇ ನಾನೂ ಅವಳೂ ಕೌದಿ ಹೊತ್ತು ಏರಿದೆವು. ನಡುಗೋಡೆಗೆ ಹುಡುಗಿಯರು, ಅಂಚಿಗೆ ತಾಯಂದಿರು. ಇಂಥ ಬಂದೋಬಸ್ತು ಗಡದ ಕೋಟೆಗೂ ಇದ್ದಿರಲಿಕ್ಕಿಲ್ಲ.

ನಿನ್ನೆ ಶನಿವಾರ ಮಾಸ್ತರರು ಮತ್ತೆ ಹೇಳಿಕಳಿಸಿದರು. ಇಬ್ಬರೂ ಪೂರ್ತಿ ಎಚ್ಚರವಾಗಿದ್ದರಂತೆ. ಎಷ್ಟೆಂದರೆ, ಹರಟೆ ನಿಲ್ಲಿಸಲಿಲ್ಲವೆಂದು ಹೊರಗೆ ನಿಲ್ಲಿಸಬೇಕಾಯಿತಂತೆ. ಮಗಳ ಮೇಲಿನ ದೂರು ಕೇಳಿ ನಾನು ಸಕ್ಕರೆ ಹಂಚಿದ್ದು ಇದೇ ಮೊದಲು. ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ. ಗೂಟ ಖಾಲಿ ಇದೆ.

ನಿನ್ನ ತಂಗಿ,
ಚನ್ನವ್ವ

ತಾ.ಕ.: ಪತ್ರ ಡಬ್ಬಿಗೆ ಹಾಕುವಷ್ಟರಲ್ಲಿ ಸೋಮವಾರವಾಯಿತು. ನಿನ್ನೆ ಅತ್ತೆಯವರೂ ಕಾವಲಿಗೆಂದು ಮಾಳಿಗೆ ಏರಿದರು. ತಾವು ದೊಡ್ಡವರಾದ ವರ್ಷ ಅವರವ್ವ ಕೆಳಗಿಳಿಸಿದ್ದಳಂತೆ; ಆಮೇಲೆ ಮೇಲೆ ಮಲಗಿದ್ದು ಇದೇ ಮೊದಲಂತೆ. ಇಂದು ಬಿಸಿಲೇರಿದರೂ ಏಳಲಿಲ್ಲ. ಎಬ್ಬಿಸಲು ಹೋದ ಶಾಂಭವಿಗೆ, "ಇನ್ನೊಂದೀಟ ಮಲಗತೇನ ಬಿಡವಾ" ಎಂದರು. ಅವಳು ಅಜ್ಜಿಯ ಸೆರಗು ಸರಿಮಾಡಿ, ಮುಖಕ್ಕೆ ಬಿಸಿಲು ಬೀಳದಂತೆ ಕೌದಿ ಮರೆಮಾಡಿ, ಪಾಟಿಚೀಲ ಹಾಕಿಕೊಂಡು ಹೋದಳು.