ಎರಡು ನಿಮಿಷದ ಪ್ಲೇಟು

ಹಿರಿಯೂರು
14-5-1979, ಸೋಮವಾರ

ತೀರ್ಥರೂಪ ಸಮಾನನಾದ ಅಣ್ಣ ಚಿತ್ರಲಿಂಗಪ್ಪನಿಗೆ ತಂಗಿ ಏಕನಾಥಮ್ಮ ಮಾಡುವ ನಮಸ್ಕಾರ.

ಇದಾದ ಮೇಲೆ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಕಾಗದ ಬರಿ ಅಂತ ಹಾಕಬೇಕು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೂ ಅಷ್ಟು ಗೊತ್ತೈತೆ. ಹಾಕಲ್ಲ. ಕ್ಷೇಮ ಇಲ್ಲ.

ನಿನ್ನ ಹಾಡಿನ ಪ್ಲೇಟು ಬಂತು. ಒಡೆದಿಲ್ಲ. ಕಂದು ಕಾಗದದ ಚೀಲ, ಮೇಲೆ ರಬ್ಬರ್ ಸ್ಟಾಂಪಲ್ಲಿ ನಿಮ್ಮ ಬ್ಯಾಂಡಿನ ಹೆಸರು, ಅದೂ ಸೊಟ್ಟಗೆ. ಯಾವ ಕಂಪನಿಯವರೂ ಮುಟ್ಟಲಿಲ್ಲ, ನಾವು ನಾಲ್ಕು ಜನ ಹುಡುಗರೇ ಸೇರಿ ಹೊಡೆಸಿದ್ವಿ, ಇದನ್ನ ಪಂಕ್ ರಾಕ್ ಅಂತಾರೆ, ಸಿಟ್ಟು ಇದ್ದಂಗೇ ಕೂಗೋದು, ರಾಗಗೀಗ ನೋಡಬಾರದು ಅಂತ ಬರೆದಿದ್ದೀಯ. ಓದಿ ನಗು ಬಂತು. ಸಿಟ್ಟು ಬಂದಾಗ ರಾಗ ನೋಡಬಾರದು ಅಂತ ಹೇಳಿಕೊಡಾಕೆ ಬೆಂಗಳೂರು ಬೇಕಾ?

ಅಪ್ಪ ಹೊಸದುರ್ಗದ ಮದುವೆಗೆ ಮೈಕ್ ಸೆಟ್ ತಗೊಂಡು ಹೋಗಿತ್ತು. ಅಂಗಡಿಯಲ್ಲಿ ನಾನು ಮತ್ತೆ ಮೌಲಾ ಸಾಬ್ರು ಇಬ್ಬರೇ. ಹಳೇ ಪ್ಲೇಯರಿಗೆ ಹಾಕಿದೆ. ಮೌಲಾ ಸಾಬ್ರು ಕಾಯಿಲ್ ಸುತ್ತುತ್ತಾ ಕೂತಿದ್ದವರು ಬೆಚ್ಚಿ ಎದ್ದು ವೈರ್ ಎಲ್ಲ ಮುಟ್ಟಿ ನೋಡಿದರು. "ಯಾವ ಪುಣ್ಯಾತ್ಮನವ್ವ ಇವನು, ಅರ್ತಿಂಗ್ ಕೊಡದಂಗೆ ಬಾರಿಸವ್ನೆ!" ಅಂದರು. ನಮ್ಮಣ್ಣ ಅಂದೆ. "ಹಂಗಾರೆ ಸರಿ ಬಿಡು, ಚಿಕ್ಕೋನಿದ್ದಾಗ್ಲೂ ವೈರು ಉಲ್ಟಾ ಕೊಟ್ಟು ಎರಡು ಸತಿ ಫ್ಯೂಸ್ ಸುಟ್ಟಿದ್ದ" ಅಂದು ಕೂತರು.

ಪ್ಲೇಟಿನ ಆ ಕಡೆ ಎರಡು ಇಂಗ್ಲಿಷು ಹಾಡು, ಈ ಕಡೆ ಒಂದು ಇಂಗ್ಲಿಷು, ಒಂದು ಕನ್ನಡ. ಕನ್ನಡದ್ದನ್ನ ಕೊನೆಗೆ ಹಾಕಿದೆ. ಮೊದಲು ಡ್ರಮ್ಮು. ಆಮೇಲೆ ನೀನು.

"ನನ್ನ ಕೇಳಿದ್ರೇನ್ರಿ? ಎಲೆ ಅಡಿಕೆ ತಟ್ಟೇಲಿಟ್ರಿ, ಪಕ್ಕದಾಗೆ ನನ್ನೂ ಇಟ್ರಿ. ಎಲೆನಾರ ತಿರುವಿ ನೋಡ್ತೀರಿ, ನನ್ನ ಯಾವನು ನೋಡ್ದ?"

ಪ್ಲೇಟು ಒರೆಸೋ ಬಟ್ಟೆ ಕೈಯಿಂದ ಕೆಳಗೆ ಬಿತ್ತು. ಇದು ನಾನು ಆಡಿದ ಮಾತು. ಹೋದ ವರ್ಷ ನಮ್ಮ ಮನೆಯಲ್ಲಿ, ನನ್ನ ಒಪ್ಪಿಗೆ ಶಾಸ್ತ್ರದ ದಿನ. ಒಂದಕ್ಷರ ಆಚೆ ಈಚೆ ಆಗಿಲ್ಲ. ದನಿ ಮಾತ್ರ ನಿಂದು.

ನೀನು ಮರೆತಿರಬಹುದು, ನಾನು ನೆನಪು ಮಾಡ್ತೀನಿ. ಹನುಮಂತಪ್ಪ ಮಾವನ ಕಡೆಯವರು ಧರ್ಮಪುರದಿಂದ ಬಸ್ಸಿಳಿದು ಬಂದರು. ಅಪ್ಪ ಬೇವಿನ ಮರಕ್ಕೆ ಹಾರ್ನ್ ಕಟ್ಟಿ, ಮೊದಲು ದೇವರ ಪ್ಲೇಟು ಹಾಕಿ, ಹಿರಿಯರ ಹೆಸರೆಲ್ಲ ಕೂಗಿ, ಅವರ ಕಾಲಿಗೆ ನೀರು ಕೊಡೋ ಗಡಿಬಿಡಿಯಲ್ಲಿ ಮೈಕನ್ನ ಹಂಗೇ ಚಾಪೆ ಮೇಲಿಟ್ಟು ಹೋಯ್ತು. ಊರಿಗೆಲ್ಲ ಮೈಕ್ ಸೆಟ್ ಕಟ್ಟೋ ಮನುಷ್ಯ ತನ್ನ ಮನೆಯಲ್ಲಿ ಮೈಕ್ ಆರಿಸೋದು ಮರೆತಿತ್ತು. ನಾನು ಪಕ್ಕದಲ್ಲೇ ಅವ್ವನ ಹತ್ತಿರ ಜಗಳ ಮಾಡ್ತಿದ್ದೆ. ಮಾವ ಕೆಟ್ಟವನಲ್ಲ, ಅವ್ವನ ಸ್ವಂತ ತಮ್ಮ. ಆದರೆ ನನ್ನ ತೊಟ್ಟಿಲು ತೂಗಿದವನು, ನನ್ನ ಮೂಗು ಒರೆಸಿದವನು. ಅವನ ಪಕ್ಕ ಹೆಂಗವ್ವ ಮಲಗಲಿ ಅಂದೆ. ಅವ್ವ, "ನಾನು ಮಲಗಲಿಲ್ವೇನೇ, ನಿಮ್ಮಪ್ಪನೂ ನನಗೆ ಮಾವನೇ" ಅಂತು. ಅಷ್ಟರಲ್ಲಿ ನನ್ನ ದನಿ ಮರದ ಮೇಲಿಂದ ವಾಪಸ್ ಬಂತು. ಬಸ್ ಸ್ಟಾಂಡ್ ತನಕ ಹೋಗಿ ಬಂದಂಗೆ, ದೊಡ್ಡದಾಗಿ. ನಾನು ಅಷ್ಟು ದೊಡ್ಡವಳು ಅಂತ ನನಗೆ ಗೊತ್ತೇ ಇರಲಿಲ್ಲ. ಮೈಕ್ ಎತ್ತಿಕೊಂಡೆ. ಎಲೆ ಅಡಿಕೆ ಮಾತು ಆಡಿದೆ.

ಮುಂದಿನ ಮಾತು ಅರ್ಧಕ್ಕೆ ಬಂದಿತ್ತು, ಮರ ಸುಮ್ಮನಾಯ್ತು. ತಿರುಗಿ ನೋಡಿದರೆ ಆಂಪ್ಲಿಫೈಯರ್ ಮುಂದೆ ನೀನು. ಮೈಕಿನ ಸ್ವಿಚ್ ಮೇಲೆ ನಿನ್ನ ಬೆರಳು. ಇನ್ನೊಂದು ಕೈಲಿ ನಾದಸ್ವರದ ಪ್ಲೇಟು ಇಟ್ಟು ಮುಳ್ಳು ಬಿಟ್ಟೆ. ಆ ಸದ್ದಿನ ಅಡಿಯಲ್ಲಿ ನಾನು ಮಿಕ್ಕಿದ್ದು ಕೂಗಿದೆ. ಅಪ್ಪ ಹೊಡೆದದ್ದೂ ಯಾರಿಗೂ ಕೇಳಿಸಲಿಲ್ಲ.

ಈಗ ನಿನ್ನ ಹಾಡಿನ ವಿಷಯ. ನಿಜ ಹೇಳ್ತೀನಿ. ಚೆನ್ನಾಗೈತೆ. ಅದೇ ನನಗೆ ತಡೆಯಕ್ಕಾಗ್ತಿಲ್ಲ. ಆ ಡ್ರಮ್ಮು ಬಾರಿಸೋನು ಯಾರೋ, ಬಾಗಿಲು ಒಡೆದಂಗೆ ಬಾರಿಸ್ತಾನೆ. ಮತ್ತೆ ಮತ್ತೆ ಹಾಕಿದೆ. ಕುಣಿದೆ ಕೂಡ. ಮೌಲಾ ಸಾಬ್ರು ಕಾಯಿಲ್ ಕಡೆಗೇ ಮುಖ ಮಾಡಿಕೊಂಡು ಕೂತಿದ್ದರು, ಪಾಪ.

ಎರಡು ನಿಮಿಷ ಆಗಲ್ಲ, ಮುಗಿದುಹೋಗುತ್ತೆ. "ಈ ಮನೆಯಾಗೆ ನನ್ನ ಪರ ಒಬ್ಬನಾದ್ರೂ" ಅಂತ ಕೂಗ್ತೀಯ, ಡ್ರಮ್ಮು, ಗಿಟಾರು, ನೀನು, ಎಲ್ಲ ಒಟ್ಟಿಗೆ ನಿಂತುಬಿಡುತ್ತೆ. ಆ ಜಾಗಕ್ಕೆ ಕಾಲೇಜು ಹುಡುಗರು ಬೆಂಚು ಹತ್ತಿ ಕೂಗ್ತಾರೆ, ಹಿಂಗೆ ಕತ್ತರಿಸಿದಂಗೆ ನಿಲ್ಲಿಸೋದು ಎಲ್ಲಿ ಕಲಿತ್ರಿ ಅಂತ ಕೇಳ್ತಾರೆ ಅಂತ ಬರೆದಿದ್ದೀಯ.

ಎಲ್ಲಿ ಕಲಿತೆ ಅಂತ ಹೇಳಿದೆಯಾ ಅವರಿಗೆ? ನೀನು ಸ್ವಿಚ್ ಆರಿಸಿದ ಜಾಗ ಅದು. ಅಲ್ಲಿಂದ ಮುಂದೆ ನಾನು ಏನಂದೆ ಅಂತ ನಿನಗೆ ಗೊತ್ತಿಲ್ಲ, ಅದಕ್ಕೇ ಹಾಡು ಅಲ್ಲಿಗೆ ನಿಲ್ಲುತ್ತೆ. ಮಾರನೇ ದಿನ ನೀನು ಮೊದಲನೇ ಬಸ್ಸಿಗೆ ಬೆಂಗಳೂರಿಗೆ ಹೋದೆ. ಆಮೇಲೆ ಇಷ್ಟು ಕಾಗದ ಬರೆದೆ, ಊಟ ಚೆನ್ನಾಗಿಲ್ಲ, ರೂಮಿನಲ್ಲಿ ತಿಗಣೆ ಅಂತ. ಒಂದರಲ್ಲಾದರೂ, ಏಕನಾಥಿ, ಆವತ್ತು ಮುಂದೆ ಏನಂದೆ ಅಂತ ಕೇಳಿದೆಯಾ?

ಇಷ್ಟಾದರೂ ನುಂಗ್ತಿದ್ದೆ. ಪ್ಲೇಟು ಬಂದ ಟಪಾಲಿನಲ್ಲೇ ಅಪ್ಪನಿಗೆ ಒಂದು ಕಾರ್ಡು ಬಂತು ನೋಡು, ಅದು ನುಂಗಕ್ಕಾಗಲ್ಲ. ಯುಗಾದಿ ದಿನ ನಾನು ಮತ್ತೆ ಹಟ ಹಿಡಿದಾಗ ಅಪ್ಪ, "ನಿಮ್ಮಣ್ಣ ಓದಿದೋನು. ಅವನು ಬ್ಯಾಡ ಅನ್ಲಿ, ಬಿಡಾಣ" ಅಂದಿತ್ತು. ಅಪ್ಪ ನಿನ್ನನ್ನ ಕೇಳಿ ಬರೆದಿತ್ತು. ನಾನು ಗೆದ್ದೆ ಅಂದುಕೊಂಡಿದ್ದೆ. ನೀನು ಏನು ಬರೆದೆ? "ಮದುವೆ ವಿಷಯ ತಮ್ಮ ಇಷ್ಟ. ನನ್ನದೇನೂ ಅಭ್ಯಂತರವಿಲ್ಲ." ಒಂದೇ ಕೈಯಲ್ಲಿ ಒಂದು ಕಡೆ ನನ್ನ ಹಾಡು, ಇನ್ನೊಂದು ಕಡೆ ನನ್ನ ಲಗ್ನ. ಅಪ್ಪ ಅದನ್ನ ಅವ್ವನಿಗೆ ಓದಿ ಹೇಳಿತು. ಅವ್ವ ನನಗೆ ಅಂತ ಎತ್ತಿಟ್ಟಿದ್ದ ಬೆಲ್ಲ ತಂದು ನನ್ನ ಬಾಯಿಗೆ ಹಾಕಿತು.

ನಿಮ್ಮ ಹಾಡಿಗೆ ಬೆಂಚು ಹತ್ತಿದ ಹುಡುಗರಲ್ಲಿ ಒಬ್ಬನಾದರೂ ನಮ್ಮ ಬೀದಿಗೆ ಬರ್ತಾನಾ? ಅವರ ಮುಂದೆ ಕೂಗೋದು ಸುಲಭ ಕಣಣ್ಣ. ಅಪ್ಪನ ಮುಂದೆ ಒಂದು ಕಾರ್ಡಿನಲ್ಲಿ ಬೇಡ ಅಂತ ಎರಡಕ್ಷರ ಬರೆಯೋಕೆ ಡ್ರಮ್ಮು ಬೇಕಾಗಿರಲಿಲ್ಲ.

ಮದುವೆ ಬರೋ ಸೋಮವಾರ. ಆಂಪ್ಲಿಫೈಯರಿಗೆ ನೀನೇ ಕೂರ್ತೀಯ ಅಂತ ಅಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗ್ತಾ ಐತೆ. ಬರಬೇಡ. ಮೌಲಾ ಸಾಬ್ರು ಕೂರ್ತಾರೆ. ಮೊದಲು ದೇವರ ಪ್ಲೇಟು, ಅದು ಪದ್ಧತಿ, ಅದನ್ನ ಮುರಿಯಲ್ಲ. ಎರಡನೇದು ನಿಂದು. ಮಾವ ಹಸೆಮಣೆ ಮೇಲೆ ಕೂತು ಕೇಳಲಿ. ಎಲ್ಲ ಒಟ್ಟಿಗೆ ನಿಲ್ಲುತ್ತಲ್ಲ, ಆ ಜಾಗದಲ್ಲಿ ಮೌಲಾ ಸಾಬ್ರು ಮುಳ್ಳು ಎತ್ತಿ ಮೈಕ್ ನನ್ನ ಕೈಗೆ ಕೊಡ್ತಾರೆ. ಮೊದಲು ಆಗಲ್ಲವ್ವ, ನಿಮ್ಮಪ್ಪ ಕೆಲಸ ಬಿಡಿಸ್ತಾನೆ ಅಂದರು. ಇನ್ನೊಂದು ಸತಿ ಪ್ಲೇಟು ಕೇಳಿ ಹೂಂ ಅಂದರು. ಈ ಮದುವೆ ಒಲ್ಲೆ ಅಂತ ಆವಾಗ ನಾನೇ ಹೇಳ್ತೀನಿ. ಹೊಡೆದರೆ ಹೊಡೀಲಿ. ಈ ಸತಿ ಹೊಡೆದದ್ದೂ ಮರದಿಂದ ಕೇಳಿಸಲಿ.

ನಿನ್ನ ತಂಗಿ ಅಂತ ಬರೆಯೋಕೆ ಕೈ ಬರ್ತಿಲ್ಲ.

ಏಕನಾಥಮ್ಮ
ಮೂಡಲಗಿರಿಯಪ್ಪನ ಮೈಕ್ ಸೆಟ್ ಅಂಗಡಿ

ಮರೆತಿದ್ದೆ: ನೀನು ಕೇಳಲ್ಲ, ನಾನೇ ಬರೀತೀನಿ. ಆವತ್ತು ನಾದಸ್ವರದ ಅಡಿಯಲ್ಲಿ ನಾನು ಕೂಗಿದ್ದೂ ಸೇರಿ ಪೂರ್ತಿ ಮಾತು ಇಷ್ಟು: "ಈ ಮನೆಯಾಗೆ ನನ್ನ ಪರ ಒಬ್ಬನಾದ್ರೂ ಅವ್ನೆ. ನಮ್ಮ ಚಿತ್ರಲಿಂಗಣ್ಣ. ಅವನ್ನ ಕೇಳ್ರಿ." ಇನ್ನೊಂದು ಪ್ಲೇಟು ಹೊಡೆಸಿದರೆ ಇದನ್ನೂ ಸೇರಿಸು. ಸೋಮವಾರ ನಾನು ಆ ಸಾಲು ಹೇಳಲ್ಲ.