ಮೂರು ಸೀಟಿ

೧೪ ಮಾರ್ಚ್

ಪ್ರೀತಿಯ ಗೆಳೆಯಾ,

ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ. ಆಸ್ಪತ್ರೆಯಲ್ಲಿ ಮಗನ ಮಂಚದ ಪಕ್ಕ ಕೂತು ನೀನು ಬರೆದ ಕಾಗದ ಬಂದು ಹನ್ನೊಂದು ದಿನವಾಯಿತು. ತಡ ಮಾಡಿದ್ದಕ್ಕೆ ಬೈಯಿ, ಬೈಸಿಕೊಳ್ಳುತ್ತೇನೆ.

"ಬೆಂಕಿ ತಿರುಗಿದಾಗ ಕಾವಲು ಗೋಪುರದಿಂದ ಸೀಟಿ ಊದಿದ್ದೆಯೋ ಇಲ್ಲವೋ? ಅಷ್ಟು ಹೇಳು" ಎಂದು ಕೇಳಿದ್ದೀಯ. ಊದಿದ್ದೆ ಕಣಯ್ಯಾ. ನೀನೂ ನಾನೂ ಇಪ್ಪತ್ತಾರು ವರ್ಷ ಊದಿದ ಹಾಗೆಯೇ ಊದಿದ್ದೆ.

ಆದರೆ ಈ ಸಲ ಒಂದು ಕಾಜಾಣ ಹಕ್ಕಿ ಬಂದಿತ್ತು. ಕಾಡಿಗೆ ಬೆಂಕಿ ದಾಟದಂತೆ ಬೆಂಕಿರೇಖೆ ಮಾಡಲು ನಾವು ಒಣಹುಲ್ಲು ಸುಡುವಾಗ ಎದ್ದು ಹಾರುವ ಮಿಡತೆ ಹಿಡಿಯಲು ಅವು ಬರುವುದು ಹೊಸದೇನಲ್ಲ. ಈ ಖದೀಮ ಮಾತ್ರ ನಮ್ಮ ಸೀಟಿಯನ್ನೇ ಕಲಿತುಬಿಟ್ಟ! ಮೂರು ಸಲ, ಅದೇ ಎಳೆತ. ಕೇಳಿದವರೆಲ್ಲ ಕೈಲಿದ್ದದ್ದು ಬಿಸಾಕಿ ಎದ್ದುಬಿದ್ದು ಓಡಿ ಬರುತ್ತಿದ್ದರು. ಮೇಲೆ ನೋಡಿದರೆ ನಾನು ಸುಮ್ಮನೆ ಕೂತಿರುತ್ತಿದ್ದೆ. ವಾರದಲ್ಲಿ ಐದು ಸಲ ಹೀಗಾಯಿತು. ಓಡಿ ಬಂದವರಲ್ಲಿದ್ದ ನಿನ್ನ ಮಗ ಬಿದ್ದು ಬಿದ್ದು ನಕ್ಕ. "ಮಾಮ, ಇದಕ್ಕೂ ಒಂದು ಯೂನಿಫಾರ್ಮ್ ಹೊಲಿಸಿಬಿಡಿ" ಅಂದ. ನನಗೆ ನಗು ಬರಲಿಲ್ಲ. ಕಲ್ಲು ಹೊಡೆದೆ, ಡಬ್ಬ ಬಡಿದೆ. ಹಾಳಾದ್ದು ಹೋಗಲೇ ಇಲ್ಲ. ಬೆಂಕಿ ತಿರುಗಿದ ದಿನ ನನ್ನ ಸೀಟಿಯನ್ನೂ ನಿನ್ನ ಮಗ ಹಕ್ಕಿಯದೆಂದೇ ತಿಳಿದ.

ಈಗ ಹೊಸ ತಂಡ ಬಂದಿದೆ. ಹುಲ್ಲು ಎದೆಮಟ್ಟ ಒಣಗಿ ನಿಂತಿದೆ. ಕೆಲಸ ನಿಲ್ಲಿಸಿ ಎಂದರೆ ಸಾಹೇಬರು, "ಹಕ್ಕಿಗೆ ಹೆದರ್ತೀರೇನ್ರೀ?" ಎನ್ನುತ್ತಾರೆ. ಬೆಳಗಿನಿಂದ ಅದು ಊದುತ್ತಲೇ ಇದೆ. ಕೆಳಗೆ ಯಾರೂ ತಲೆ ಎತ್ತುತ್ತಿಲ್ಲ.

ಮಗನ ಗಾಯ ಬೇಗ ಮಾಯಲಿ, ನನ್ನ ಆಯುಸ್ಸೂ ಅವನಿಗೇ ಸೇರಲಿ. ಅತ್ತಿಗೆಗೆ ಒಂದು ತುತ್ತಾದರೂ ತಿನ್ನಲು ಹೇಳು.

ನಿನ್ನ ಹಳೇ ಜೊತೆಗಾರ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಎಲ್ಲವನ್ನೂ ಹಕ್ಕಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾರೆ. ಬೆಂಕಿಯ ಹಿಂದಿನ ದಿನ ನಿನ್ನ ಮಗನಿಗೆ ನಾನೇ ಹೇಳಿದ್ದೆ: "ಇನ್ಮೇಲೆ ನಾಲ್ಕು ಸಲ ಊದ್ತೀನಿ ಕಣೋ. ಮೂರು ಕೇಳಿಸಿದ್ರೆ ಹಕ್ಕಿ ಅಂದ್ಕೋ, ಕೆಲಸ ಬಿಡಬೇಡ." ಬೆಂಕಿ ಅವನ ಬೆನ್ನ ಹಿಂದೆ ಬಂದದ್ದು ಕಂಡದ್ದೇ ಸೀಟಿ ಬಾಯಿಗಿಟ್ಟೆ. ಹಳೇ ಅಭ್ಯಾಸದಲ್ಲಿ ಮೂರೇ ಊದಿದೆ. ಮತ್ತೆ ಊದಿದಾಗಲೂ ಮೂರೇ. ದುರ್ಬೀನಿನಲ್ಲಿ ನೋಡುತ್ತಲೇ ಇದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. ಕಾಜಾಣ ಕೂರುವ ಮರದ ಕಡೆ ನೋಡಿ ನಕ್ಕ, ಕೈ ಬೀಸಿದ, ಮತ್ತೆ ಹುಲ್ಲಿಗೆ ಬಗ್ಗಿದ.